ಎಂಟು ತೂತಿನ ಡಬ್ಬ

ಮಾಣಿಯ ಹನೀಫಾ ಒಳ್ಳೆಯ ಹಾಡುಗಾರ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸೌದಿಗೆ ಹೋಗುವ ಮೊದಲು, ಸುತ್ತಮುತ್ತಲಿನ ಬ್ಯಾರಿ ಮದುವೆಗಳಲ್ಲಿ ಅವನು ಹಾಡದೆ ಮದುಮಗನ ದಿಬ್ಬಣ ಹೊರಡುತ್ತಿರಲಿಲ್ಲ. ಹಾಡುಗಳನ್ನು ಕಟ್ಟುವವನೂ ಅವನೇ. ಆಮೇಲೆ ಜುಬೈಲಿನ ಟಯರ್ ಅಂಗಡಿಯೊಂದರಲ್ಲಿ, ಗಾಳಿ ತುಂಬುವ ಯಂತ್ರದ ಸದ್ದಿಗಿಂತ ಜೋರಾಗಿ ಕೂಗಿ ಮಾತಾಡುತ್ತ ಹತ್ತು ಹನ್ನೆರಡು ವರ್ಷ ಕಳೆದ. 2006ರಲ್ಲಿ ವಾಪಸು ಬಂದು ಮಾಣಿ ಜಂಕ್ಷನ್ನಿನಲ್ಲಿ ಚಪ್ಪಲಿ ಅಂಗಡಿ ತೆರೆದ. ತೆರೆದ ವಾರದಲ್ಲೇ, ತನ್ನ ಹಾಡುಗಳದ್ದೊಂದು ಸಿ.ಡಿ. ತರುತ್ತೇನೆ, ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ ಎಂದು ಬಂದವರಿಗೆಲ್ಲ ಹೇಳಿದ. ಹೇಳುವ ಕೆಲಸ ಅಲ್ಲಿಗೆ ಚೆನ್ನಾಗಿಯೇ ಮುಗಿಯಿತು.

ಅವನ ಹೆಂಡತಿ ಮಿಸ್ರಿಯಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಉತ್ತರ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡುವ ಮಕ್ಕಳನ್ನು ಅವಳು ಕ್ಷಮಿಸುತ್ತಿದ್ದಳು. ಗೊತ್ತಿಲ್ಲದೆಯೂ ಎರಡು ಪುಟ ತುಂಬಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ದೊಡ್ಡವರಲ್ಲಿ ಈ ಎರಡನೇ ಜಾತಿಯವರೇ ಹೆಚ್ಚು ಎಂದು ಗಂಡನ ಸ್ನೇಹಿತರನ್ನು ನೋಡಿ ಅವಳು ತೀರ್ಮಾನಿಸಿದ್ದಳು.

ಮೊದಲ ಪ್ರಯತ್ನ ನಡೆದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಮಗಳ ಕಂಪ್ಯೂಟರಿನ ಹಿಂಬದಿಯ ಗುಲಾಬಿ ತೂತಿಗೆ ಮೈಕ್ ಸಿಕ್ಕಿಸಿ ಹನೀಫಾ ಹಾಡಿದ. ತಿರುಗಿ ಹಾಕಿದಾಗ ಹಾಡಿನ ಹಿಂದೆ ಯಾರೋ ಮೀನು ಹುರಿಯುತ್ತಿರುವ ಸದ್ದು ಕೇಳಿತು. ಹನೀಫಾನ ತಾಯಿ ಖದೀಜ ಅಡುಗೆಮನೆಗೆ ಹೋಗಿ ಒಲೆ ನೋಡಿ ಬಂದರು. ಒಲೆ ಆರಿತ್ತು.

ಸಲಹೆ ಕೊಡಲು ಕಮಲಾಕ್ಷ ಬಂದ. ಅವನು ಬೆಳ್ತಂಗಡಿಯವನು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದ. ಮದುವೆಗಳಿಗೆ ಹಾಡುತ್ತಿದ್ದ ಕಾಲದಿಂದಲೂ ಹನೀಫಾನ ಗೆಳೆಯ. ವಾದ್ಯದ ಮುಂದೆ ಕೂತಾಗ ಅವನದು ಒಳ್ಳೆಯ ಕೈ. ವಾದ್ಯ ಬಿಟ್ಟು ಎದ್ದಾಗ ಬಾಯಿ ಮಾತ್ರ ಉಳಿಯುತ್ತಿತ್ತು.

"ಹೀಗೆಲ್ಲ ನೇರ ಸಿಕ್ಕಿಸಿದರೆ ಆಗ್ತದಾ ಮಾರಾಯ?" ಎಂದ. "ಮಧ್ಯದಲ್ಲಿ ಆಡಿಯೋ ಇಂಟರ್‌ಫೇಸ್ ಬೇಕು."

"ಎಂಥದದು?"

"ಒಂದು ಡಬ್ಬ. ಈ ಕಡೆಯಿಂದ ಮೈಕ್ ಹೋಗ್ತದೆ, ಆ ಕಡೆಯಿಂದ ಕಂಪ್ಯೂಟರ್‌ಗೆ ವಯರ್. ನಿನ್ನ ಸ್ವರವನ್ನು ಕಂಪ್ಯೂಟರಿಗೆ ಗೊತ್ತಾಗುವ ಅಂಕಿ ಮಾಡಿ ಕಳಿಸ್ತದೆ. ಅದು ಸರಿ ಇದ್ದರೆ ಎಲ್ಲ ಸರಿ. ಅದು ಸರಿ ಇಲ್ಲದಿದ್ದರೆ ತಾನ್‌ಸೇನ ಬಂದು ಹಾಡಿದರೂ ಅಷ್ಟೇ."

ಇದರಲ್ಲಿ ಮೊದಲರ್ಧ ನಿಜ. ಉಳಿದರ್ಧವೇ ಹನೀಫಾನ ತಲೆಯಲ್ಲಿ ಕೂತದ್ದು.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಚಪ್ಪಲಿ ಅಂಗಡಿಯಲ್ಲಿ ಡಬ್ಬದ ಸಭೆ ಸೇರತೊಡಗಿತು. ಎರಡು ತೂತಿನದು ಸಾಕೋ ಎಂಟು ತೂತಿನದು ಬೇಕೋ? ಯು.ಎಸ್.ಬಿ. ವಯರಿನದೋ ಫೈರ್‌ವೈರಿನದೋ? ಲೇಟೆನ್ಸಿ ಎಷ್ಟು? ಹಾಡಿದ ಸ್ವರ ಡಬ್ಬದೊಳಗೆ ಸುತ್ತಿ ಹಾಡುಗಾರನ ಕಿವಿಗೆ ಬರುವಾಗ ಆಗುವ ತಡಕ್ಕೆ ಲೇಟೆನ್ಸಿ ಎಂದು ಹೆಸರು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಆ ತಡವನ್ನು ಚರ್ಚಿಸುತ್ತ ಇವರು ಇಡೀ ಮಳೆಗಾಲ ಕಳೆದರು. ಮಗುವಿಗೆ ಶೂ ಕೊಳ್ಳಲು ಬಂದ ಹೆಂಗಸರು ಒಂದು ಕಾಲಿಗೆ ಮಾತ್ರ ಹಾಕಿಸಿಕೊಂಡು, ಇನ್ನೊಂದು ಎಲ್ಲಿ ಎಂದು ಕೇಳುತ್ತ ನಿಂತಿರುತ್ತಿದ್ದರು.

"ಎಂಟು ತೂತಿನದ್ದೇ ತೆಗೆಯುವ," ಎಂದು ಕಮಲಾಕ್ಷ ಹೇಳುತ್ತಿದ್ದ. "ನಾಳೆ ತಬಲದವ ಬರ್ತಾನೆ, ಢೋಲಕ್‌ನವ ಬರ್ತಾನೆ, ಕೋರಸ್ಸಿಗೆ ನಾಲ್ಕು ಜನ ಬರ್ತಾರೆ. ಆಗ ಎರಡು ತೂತು ಹಿಡ್ಕೊಂಡು ಕೂತರೆ ಮರ್ಯಾದೆ ಉಂಟಾ?"

ಮನೆಯಲ್ಲಿ ಹನೀಫಾ ಇದನ್ನು ಹಾಗೆಯೇ ಹೇಳಿದ. ಮಿಸ್ರಿಯಾ ಬಟ್ಟೆ ಮಡಚುತ್ತಿದ್ದಳು.

"ನಿಮಗೆ ಬಾಯಿ ಎಷ್ಟು ಉಂಟು?"

"ಅದು ನಿನಗೆ ಅರ್ಥ ಆಗುವುದಿಲ್ಲ."

"ಎಂಟು ಜನ ಆ ಕೋಣೆಗೆ ಬಂದರೆ ನಿಲ್ಲಲಿಕ್ಕೆ ಜಾಗ ಇಲ್ಲ. ನಾಲ್ಕು ಜನ ಮಂಚದ ಅಡಿಯಲ್ಲಿ ಮಲಗಿ ಹಾಡಬೇಕು."

ಹನೀಫಾ ಜಗಳದ ಮನುಷ್ಯನಲ್ಲ. ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರದು ಸರಿ ಎಂದು ನಂಬುವ ಮೃದು ಸ್ವಭಾವ ಅವನದು. ಹೆಂಡತಿ ಗಟ್ಟಿಯಾಗಿ ಹೇಳಿದಾಗ ಮಾತ್ರ ಈ ನಿಯಮ ಅನ್ವಯಿಸುತ್ತಿರಲಿಲ್ಲ.

ಕೊನೆಗೆ, ಗೊತ್ತಿದ್ದವರನ್ನೇ ಕೇಳುವ ಎಂದು ಹನೀಫಾ, ಕಮಲಾಕ್ಷ ಇಬ್ಬರೂ ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದರು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದಲ್ಲಿ ಧನರಾಜ್ ಎಂಬವನ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಅದರ ಮೇಲೆ ಕೆಂಪು ಪರದೆ ಬಿಟ್ಟಿದ್ದ. ಜೀಪಿನಲ್ಲಿ ಕೂಗಿಸುವ ಪ್ರಚಾರ, ಸೀರೆ ಅಂಗಡಿಯ ರಿಯಾಯಿತಿ, ಕಾಲೇಜಿನ ವಾರ್ಷಿಕೋತ್ಸವದ ಸ್ವಾಗತಗೀತೆ ಎಲ್ಲ ಅಲ್ಲಿಯೇ ತಯಾರು. ಯಾವುದನ್ನು ಕೇಳಿದರೂ ಒಬ್ಬನೇ ಮನುಷ್ಯ ಬಾವಿಯೊಳಗೆ ನಿಂತು ಸಂತೋಷಪಡುತ್ತಿರುವ ಹಾಗೆ ಇರುತ್ತಿತ್ತು.

"ಮನೆಯಲ್ಲಿ ರೆಕಾರ್ಡಿಂಗಾ?" ಧನರಾಜ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. "ಈಗ ಎಲ್ಲರಿಗೂ ಇದೊಂದು ಹುಚ್ಚು. ಕಾಲೇಜಿನ ಮಕ್ಕಳು ಹಾಸ್ಟೆಲ್‌ನಲ್ಲಿ ಡಬ್ಬ ಇಟ್ಕೊಂಡು ಸ್ಟುಡಿಯೋ ಅಂತಾರೆ. ಹಾಗಾದ್ರೆ ನಾವೆಲ್ಲ ಎಂತ ಮಾಡುದು, ಸಜ್ಜಿಗೆ ಮಾರುದಾ?"

ಅವನ ಭಯ ಆ ಮಾತಿನಲ್ಲೇ ಇತ್ತು. ಹನೀಫಾನಿಗೆ ಅದು ಜ್ಞಾನದಂತೆ ಕೇಳಿತು.

"ಆದರೂ ಬಂದಿದ್ದೀರಿ. ಒಂದು ಹಾಡಿ ನೋಡುವ."

ಹನೀಫಾ ಮೊಟ್ಟೆಟ್ರೇಗಳ ನಡುವೆ ನಿಂತು ಹಾಡಿದ. ಮೇಲಿನ ಸ್ವರಕ್ಕೆ ಹೋಗುವಾಗ ಅವನ ಗಂಟಲಿನ ನರ ಉಬ್ಬಿತು. ಧನರಾಜ್ ಕಮಲಾಕ್ಷನ ಮುಖ ನೋಡಿದ. ಕಮಲಾಕ್ಷ ಮೊಟ್ಟೆಟ್ರೇ ನೋಡಿದ. ಇಬ್ಬರಿಗೂ ಕೇಳಬೇಕಾದದ್ದು ಕೇಳಿತ್ತು, ಇಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಯೇ ಈ ಕತೆ ಮುಗಿಯುತ್ತಿತ್ತು.

"ನಿಮ್ಮಂಥ ಸ್ವರಕ್ಕೆ ಸಾದಾ ಡಬ್ಬ ಆಗುವುದಿಲ್ಲ," ಎಂದ ಧನರಾಜ್. "ದೊಡ್ಡದು ಬೇಕು. ನನ್ನದೊಂದು ಉಂಟು, ಎಂಟು ತೂತಿನದು. ನಾನೀಗ ಹೊಸದು ತೆಗೆದುಕೊಂಡೆ. ನೀವು ಅಂತ ಕೊಡ್ತೇನೆ."

ಹೀಗೆ ಎಂಟು ತೂತಿನ ಡಬ್ಬ ಮಾಣಿಗೆ ಬಂತು. ಬಸ್ಸಿನಲ್ಲಿ ಹನೀಫಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮನೆಗೆ ತಂದು ನೋಡಿದರೆ ಅದರ ಬಾಲ ಫೈರ್‌ವೈರ್. ಕಂಪ್ಯೂಟರಿನಲ್ಲಿ ಆ ತೂತೇ ಇಲ್ಲ. ತಿಂಗಳುಗಟ್ಟಲೆ ಚರ್ಚಿಸಿದ್ದರಲ್ಲಿ ಕಂಪ್ಯೂಟರಿನ ಬೆನ್ನು ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಮಂಗಳೂರಿನಿಂದ ಆ ತೂತಿರುವ ಕಾರ್ಡು ತರಿಸಿ, ಕಂಪ್ಯೂಟರ್ ಬಿಚ್ಚಿಸಿ, ಮುಚ್ಚಿಸಿ, ಡಬ್ಬದ ದೀಪ ಹೊತ್ತುವಾಗ ರಂಜಾನ್ ಕಳೆದಿತ್ತು. ದೀಪ ಹೊತ್ತಿದ ದಿನ ಮಿಸ್ರಿಯಾ ನೋಡಿದಳು: ಎಂಟು ತೂತು, ಒಂದಕ್ಕೆ ಮೈಕ್, ಉಳಿದ ಏಳು ಬಾಯಿ ತೆರೆದು ಕೂತಿವೆ.

ಹನೀಫಾ ಹಾಡಿದ. ಈ ಸಲ ಮೀನು ಹುರಿಯುವ ಸದ್ದು ಇರಲಿಲ್ಲ. ಗಾಜಿನ ಲೋಟದಲ್ಲಿ ನೀರು ಇಟ್ಟ ಹಾಗೆ ಸ್ವರ ಮಾತ್ರ ಇತ್ತು. ಅವನು ಹೆಡ್‌ಫೋನ್ ಕಿವಿಗಿಟ್ಟು ಕೇಳಿದ, ಪುನಃ ಕೇಳಿದ. ಮುಖ ಸಣ್ಣದಾಯಿತು.

"ಇದು ನನ್ನ ಸ್ವರ ಅಲ್ಲ," ಎಂದ.

ಮಿಸ್ರಿಯಾ ಬಾಗಿಲಲ್ಲಿ ನಿಂತಿದ್ದಳು. "ಮೇಲಿನ ಜಾಗ ಮುಟ್ಟುವುದಿಲ್ಲ ನಿಮಗೆ. ಮುಟ್ಟುವ ಮೊದಲೇ ಜಾರ್ತದೆ. ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಹಾಡಿ ನೋಡಿ."

ಹನೀಫಾ ಕಮಲಾಕ್ಷನ ಕಡೆ ತಿರುಗಿದ. ಕಮಲಾಕ್ಷ ಪಾಠ ಹೇಳುವವನ ಹಾಗೆ ಮುಗುಳ್ನಕ್ಕ.

"ಅದು ಶ್ರುತಿ ಅಲ್ಲ, ಟೀಚರೇ. ಮೇಲಿನ ಫ್ರೀಕ್ವೆನ್ಸಿ ಈ ಡಬ್ಬ ಎಳೆಯುವುದಿಲ್ಲ. ಧನರಾಜ್ ಉಜ್ಜಿ ಉಜ್ಜಿ ಸವೆಸಿದ ಡಬ್ಬ. ಹೊಸದೇ ಬೇಕು."

ಡಬ್ಬವೇನು ಚಪ್ಪಲಿಯ ಅಟ್ಟೆಯೇ ಸವೆಯಲಿಕ್ಕೆ ಎಂದು ಮಿಸ್ರಿಯಾ ಕೇಳಿದಳು. ಗಂಡಸರು ಅಷ್ಟು ಹೊತ್ತಿಗೆ ಹೊಸದರ ಮಾತು ಶುರು ಮಾಡಿಯಾಗಿತ್ತು.

ಹೊಸದನ್ನು ತಂದವನು ಮಿಸ್ರಿಯಾಳ ತಮ್ಮ ಫಯಾಝ್. ದುಬೈಯಿಂದ ರಜೆಯಲ್ಲಿ ಬರುವಾಗ ಅಂಗಿಗಳ ನಡುವೆ ಸುತ್ತಿ ತಂದ. ಎರಡೇ ತೂತು, ಅಂಗೈಯಗಲ, ಯು.ಎಸ್.ಬಿ. ವಯರು. ಸಿಕ್ಕಿಸಿದ ಕೂಡಲೇ ಕೆಲಸ ಮಾಡಿತು. ಅದೇ ಅದರ ತಪ್ಪಾಯಿತು. ಇಷ್ಟು ಸುಲಭದಲ್ಲಿ ನಡೆಯುವ ವಸ್ತು ಒಳ್ಳೆಯದಿರಲು ಸಾಧ್ಯವಿಲ್ಲ ಎಂದು ಕಮಲಾಕ್ಷನಿಗೆ ನೋಡಿದೊಡನೆ ಅನ್ನಿಸಿತು.

"ಇದು ಮಕ್ಕಳಾಟಿಕೆ," ಎಂದ. "ನೋಡು, ತೂಕವೇ ಇಲ್ಲ."

ಹನೀಫಾ ಹಾಡಿದ, ಕೇಳಿದ, ಹೆಡ್‌ಫೋನ್ ಕೆಳಗಿಟ್ಟ. ಅದೂ ಅವನ ಸ್ವರವಲ್ಲ. ಆಟಿಕೆಯನ್ನು ಕಪಾಟಿನ ಮೇಲೆ ಇಟ್ಟರು. ಮೂರನೆಯದು ಬೆಂಗಳೂರಿನಿಂದ ಬಂತು, ಕಮಲಾಕ್ಷನ ಆರ್ಕೆಸ್ಟ್ರಾದ ಪರಿಚಯದಲ್ಲಿ. ಬೆಳ್ಳಿಬಣ್ಣದ್ದು, ಇಟ್ಟಿಗೆಯಷ್ಟು ಭಾರ. ಒಳಗೆ ಹಳೆಯ ರೇಡಿಯೋದಲ್ಲಿದ್ದಂಥ ವಾಲ್ವ್ ಉಂಟು, ಅದರಿಂದಾಗಿ ಸ್ವರ ಬೆಚ್ಚಗಾಗುತ್ತದೆ ಎಂದು ಕಮಲಾಕ್ಷ ಹೇಳಿದ. ಬೆಚ್ಚಗಾದದ್ದು ಡಬ್ಬ. ಅರ್ಧ ಗಂಟೆ ಇಟ್ಟರೆ ಮುಟ್ಟಲಾಗುತ್ತಿರಲಿಲ್ಲ. ಖದೀಜ ಒಮ್ಮೆ ಅದರ ಮೇಲೆ ಒದ್ದೆ ಕರವಸ್ತ್ರ ಒಣಗಲು ಹಾಕಿದರು; ಮೂರೂ ಡಬ್ಬಗಳಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ.

"ಮೊದಲಿನದಕ್ಕಿಂತ ಪರವಾಗಿಲ್ಲ," ಎಂದ ಹನೀಫಾ, ಮೂರನೆಯದರಲ್ಲಿ ಹಾಡಿ ಕೇಳಿ. ಧ್ವನಿಯಲ್ಲಿ ಬಲವಿರಲಿಲ್ಲ. "ಆದರೂ ಎಂಥದೋ ಉಂಟು."

"ಉಂಟು, ಉಂಟು," ಎಂದ ಕಮಲಾಕ್ಷ. "ಅದಕ್ಕೆ ಇನ್ನೊಂದು ಮೇಲಿನ ಮಾಡೆಲ್ ಬರ್ತದೆ."

ಅಂದು ಮಿಸ್ರಿಯಾಳ ತಾಳ್ಮೆ ಮುಗಿಯಿತು. ಅವಳು ಕೂಗಾಡಲಿಲ್ಲ. ಎಂಟನೇ ಕ್ಲಾಸಿನಲ್ಲಿ ವರ್ಷವೂ ತಾನು ಕಲಿಸುವ ಮೊದಲ ಪಾಠ ನೆನಪು ಮಾಡಿಕೊಂಡಳು: ಯಾವುದು ಕಾರಣವೆಂದು ಗೊತ್ತಾಗಬೇಕಾದರೆ ಅದೊಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಈ ಮನೆಯಲ್ಲಿ ಡಬ್ಬಗಳು ಮೂರು ಸಲ ಬದಲಾದವು. ಬದಲಾಗದೆ ಉಳಿದದ್ದು ಹಾಡುವವನು. ಹಾಗಾದರೆ ಹಾಡುವವನನ್ನು ಒಮ್ಮೆ ಬದಲಾಯಿಸಿ ನೋಡಬೇಕು.

ಶನಿವಾರ ಶಾಲೆ ಅರ್ಧ ದಿನ. ಹನೀಫಾ ಅಂಗಡಿಯಲ್ಲಿದ್ದ. ಅವಳು ಊಟ ಮುಗಿಸಿ ಹಿಂದಿನ ಕೋಣೆಗೆ ಹೋಗಿ ಕಿಟಕಿ ಮುಚ್ಚಿದಳು. ಯಾವ ಗುಂಡಿ ಒತ್ತಬೇಕೆಂಬುದು ಇಷ್ಟು ದಿನ ನೋಡಿ ನೋಡಿ ಬಾಯಿಪಾಠವಾಗಿತ್ತು. ಅದೇ ಮೈಕು, ಅದೇ ಕುರ್ಚಿ, ಬಾಯಿಗೂ ಮೈಕಿಗೂ ಒಂದು ಗೇಣು ದೂರ. ಮೊದಲು ಕಪಾಟಿನ ಮೇಲಿನ ಆಟಿಕೆ, ಆಮೇಲೆ ಧನರಾಜನ ಎಂಟು ತೂತಿನದು, ಕೊನೆಗೆ ಬೆಳ್ಳಿಯ ಇಟ್ಟಿಗೆ. ಮೂರರಲ್ಲೂ ಸ್ವರದ ಜೋರು ಒಂದೇ ಮಟ್ಟಕ್ಕೆ ಬರುವ ಹಾಗೆ ತಿರುಗಣೆ ಸರಿಮಾಡಿದಳು. ಹಾಡಿದ್ದು ಹನೀಫಾನ ಹಾಡನ್ನೇ, ಮದುಮಗಳಿಗೆ ಮದರಂಗಿ ಇಡುವಾಗಿನದು. ತವರುಮನೆಯಲ್ಲಿ ತಾಯಿಯ ಹಿಂದೆ ಹಾಡಿ ಅಭ್ಯಾಸವಿದ್ದ ಗಂಟಲು. ಮದುವೆಯಾದ ಮೇಲೆ ಮಕ್ಕಳನ್ನು ಮಲಗಿಸಲು ಬಿಟ್ಟರೆ ಬೇರೆ ಕೆಲಸಕ್ಕೆ ಬಂದಿರಲಿಲ್ಲ.

ಮೂರನೇ ಸಲ ಹಾಡಿ ತಿರುಗಿದಾಗ ಖದೀಜ ಬಾಗಿಲ ಬಳಿ ನೆಲದಲ್ಲಿ ಕೂತಿದ್ದರು.

"ನೀನು ಹೀಗೆ ಹಾಡ್ತಿಯೆಂದು ನನಗೆ ಯಾರೂ ಹೇಳಲೇ ಇಲ್ಲ," ಎಂದರು.

"ಯಾರೂ ಕೇಳಲೂ ಇಲ್ಲ."

ಮುದುಕಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ನನ್ನ ಮಗನ ಸ್ವರ ಹಾಳಾಗಿದೆ, ಅಲ್ಲವಾ?"

"ಹಾಳಾಗಲಿಲ್ಲ. ಕೆಳಗೆ ಬಂದಿದೆ. ಅವರು ಅದನ್ನು ಹಳೆಯ ಜಾಗದಲ್ಲಿ ಹುಡುಕ್ತಾ ಇದ್ದಾರೆ."

ಮರುದಿನ ಭಾನುವಾರ ಸಂಜೆ ಚಹಾಕ್ಕೆ ಬರಬೇಕೆಂದು ಅವಳು ಹನೀಫಾನಿಂದ ಕಮಲಾಕ್ಷ, ಧನರಾಜ್ ಇಬ್ಬರಿಗೂ ಫೋನು ಮಾಡಿಸಿದಳು. ಮೂರು ಡಬ್ಬಗಳಲ್ಲಿ ಯಾವುದು ಒಳ್ಳೆಯದೆಂದು ಹಿರಿಯರು ಹೇಳಿಬಿಡಲಿ, ಉಳಿದದ್ದನ್ನು ಕೊಟ್ಟುಬಿಡುವ ಎಂದಳು. ತೀರ್ಪು ಕೊಡುವ ಕೆಲಸವೆಂದರೆ ಇಬ್ಬರಿಗೂ ಬಿಡುವಿತ್ತು. ಧನರಾಜ್ ಮೂಡುಬಿದಿರೆಯಿಂದ ತನ್ನದೇ ಹೆಡ್‌ಫೋನ್ ಹಿಡಿದುಕೊಂಡು ಬಂದ. ಬೇರೆಯವರ ಹೆಡ್‌ಫೋನ್ ಕಿವಿಗೆ ಮುಟ್ಟಿಸುವುದಿಲ್ಲವಂತೆ.

ಗೋಳಿಬಜೆಯ ತಟ್ಟೆ ಇಟ್ಟು, ಅವನ ಹೆಡ್‌ಫೋನಿನ ಜೊತೆ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರನ್ನೂ ಸಿಕ್ಕಿಸಿ ಮಿಸ್ರಿಯಾ ಕಂಪ್ಯೂಟರಿನ ಮುಂದೆ ಕೂತಳು. "ಒಂದು, ಎರಡು, ಮೂರು, ನಾಲ್ಕು ಅಂತ ಹಾಕ್ತೇನೆ. ಯಾವುದು ಯಾವ ಡಬ್ಬದ್ದು ಅಂತ ಆಮೇಲೆ ಹೇಳ್ತೇನೆ."

"ಡಬ್ಬ ಮೂರು, ಹಾಡು ನಾಲ್ಕಾ?" ಎಂದ ಕಮಲಾಕ್ಷ.

"ಹೌದು. ಕೇಳಿ."

ಹಾಡು ಶುರುವಾದಾಗ ಹನೀಫಾ ಬೆಚ್ಚಿ ಅವಳನ್ನು ನೋಡಿದ. ಧನರಾಜನಿಗೆ ಹಾಡುವವರು ಯಾರೆಂಬುದು ಮುಖ್ಯವಾಗಿರಲಿಲ್ಲ. ಯಾವುದೋ ಮಲಯಾಳಿ ಕ್ಯಾಸೆಟ್ಟಿನ ಹುಡುಗಿ ಇರಬೇಕೆಂದು ಮಾತ್ರ ಹೇಳಿದ. ಕಣ್ಣು ಮುಚ್ಚಿ, ಒಂದು ಬೆರಳು ಮೇಲೆತ್ತಿ, ಸುಂದರವಾಗಿ ಕೇಳಿದ.

"ಒಂದನೆಯದು ಮಂಜು ಕವಿದ ಹಾಗೆ ಉಂಟು," ಎಂದ. "ಸ್ವರದ ಮುಖವೇ ಕಾಣುವುದಿಲ್ಲ. ಎರಡನೆಯದು ಸುಮಾರು. ಮೂರನೆಯದಕ್ಕೆ ಅಡಿ ಇಲ್ಲ. ನಾಲ್ಕನೆಯದು, ಆಹಾ, ಅದು ನೋಡಿ. ಗಾಜಿನ ಹಾಗೆ. ಅದು ನನ್ನ ಡಬ್ಬ. ನನಗೆ ಹೇಳುವುದು ಬೇಡ, ನಾನು ಅದರ ಜೊತೆ ಆರು ವರ್ಷ ಬದುಕಿದವನು."

"ನಾಲ್ಕನೆಯದಾ? ಅದು ತಗಡು ಬಡಿದ ಹಾಗೆ ಉಂಟಲ್ಲ!" ಕಮಲಾಕ್ಷ ಬಿಡಲಿಲ್ಲ. "ಎರಡನೆಯದೇ ಒಳ್ಳೆಯದು. ಆ ಬೆಚ್ಚಗೆ ಎಲ್ಲಿಂದ ಬಂತು? ವಾಲ್ವ್‌ನಿಂದ ಬಂತು. ಅದು ಬೆಂಗಳೂರಿನ ಡಬ್ಬ."

ಸ್ವಲ್ಪ ಹೊತ್ತು ಇಬ್ಬರೂ ಗಾಜು, ತಗಡು, ಮಂಜು ಎಂದು ಕಾದಾಡಿದರು. ಗೋಳಿಬಜೆ ಖಾಲಿಯಾಗುತ್ತ ಬಂತು.

"ನಿಮಗೆ?" ಎಂದು ಮಿಸ್ರಿಯಾ ಗಂಡನನ್ನು ಕೇಳಿದಳು.

ಹನೀಫಾ ಕಿಟಕಿಯ ಹತ್ತಿರ ನಿಂತಿದ್ದ. "ನನಗೆ ನಾಲ್ಕೂ ಒಂದೇ ಥರ ಕೇಳಿತು," ಎಂದ.

ಧನರಾಜ್ ಕಮಲಾಕ್ಷನ ತೊಡೆ ತಟ್ಟಿದ. ಅಷ್ಟು ಹೊತ್ತು ಕಾದಾಡಿದವರು ಒಟ್ಟಿಗೆ ನಕ್ಕರು. "ಕಿವಿ ಪಳಗಬೇಕು, ಹನೀಫಾ ಸಾಹೇಬರೇ," ಎಂದ ಧನರಾಜ್. "ಅದು ಅಂಗಡಿಯಲ್ಲಿ ಸಿಗುವುದಿಲ್ಲ."

"ಒಂದನೆಯದೂ ನಾಲ್ಕನೆಯದೂ ಒಂದೇ," ಎಂದಳು ಮಿಸ್ರಿಯಾ. "ಅದೇ ರೆಕಾರ್ಡಿಂಗನ್ನು ಎರಡು ಸಲ ಹಾಕಿದೆ. ಒಂದು ಸಲ ಮಂಜು ಕವಿಯಿತು, ಇನ್ನೊಂದು ಸಲ ಗಾಜಾಯಿತು. ಎರಡೂ ಧನರಾಜರ ಡಬ್ಬದ್ದಲ್ಲ, ಈ ಆಟಿಕೆಯದ್ದು." ಅಂಗೈಯಗಲದ ಡಬ್ಬವನ್ನು ಖಾಲಿ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ಕಮಲಾಕ್ಷಣ್ಣನಿಗೆ ಬೆಚ್ಚಗೆ ಕೇಳಿದ್ದು ಧನರಾಜರ ಎಂಟು ತೂತಿನದು. ವಾಲ್ವ್ ಇರುವುದು ಮೂರನೆಯದರಲ್ಲಿ. ಅದಕ್ಕೆ ಅಡಿಯೇ ಇಲ್ಲ ಅಂತ ಆಯಿತಲ್ಲ."

ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಗೇರು ಬದಲಾಯಿಸಿಕೊಂಡು ಹೋಯಿತು. ಇವರು ಇನ್ನು ತಲೆ ಎತ್ತುವುದಿಲ್ಲ ಎಂದು ಮಿಸ್ರಿಯಾ ಎಣಿಸಿದ್ದಳು. ವಿಜ್ಞಾನ ಬಲ್ಲವಳಾದರೂ ಮನುಷ್ಯರ ವಿಷಯದಲ್ಲಿ ಅವಳ ಲೆಕ್ಕ ತಪ್ಪಿತು.

ಮೊದಲು ಚೇತರಿಸಿಕೊಂಡವನು ಧನರಾಜ್. "ಮೈಕಿನ ವಯರ್ ಬೇರೆ ಬೇರೆ ಹಾಕಿದಿರಾ?"

"ಒಂದೇ ವಯರು."

"ಹಾಗಾದರೆ ಕಂಪ್ಯೂಟರ್ ಬಿಸಿಯಾಗಿರಬೇಕು. ಮೊದಲ ಸಲ ಹಾಕುವಾಗ ತಣ್ಣಗಿತ್ತು, ನಾಲ್ಕನೇ ಸಲಕ್ಕೆ ಕಾಯಿತು. ಕಾದ ಮೇಲೆ ಸ್ವರ ಬಿಚ್ಚಿಕೊಳ್ತದೆ. ಅದು ನನಗೆ ಕೇಳಿದ್ದು."

"ಇರಬಹುದು, ಇರಬಹುದು," ಎಂದು ಕಮಲಾಕ್ಷ ತಲೆಯಾಡಿಸಿದ. "ಮತ್ತೆ ಈ ಮಾಣಿಯ ಕರೆಂಟ್ ಉಂಟಲ್ಲ, ಅದಕ್ಕೆ ವೋಲ್ಟೇಜೇ ಇಲ್ಲ. ವಾಲ್ವಿಗೆ ವೋಲ್ಟೇಜ್ ಬೇಕು."

ಐದು ನಿಮಿಷದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಆಸರೆ ಕೊಟ್ಟುಕೊಂಡು ಎದ್ದುನಿಂತರು. ಮೊದಲಿಗಿಂತ ಒಂದು ಗೇಣು ಎತ್ತರವಾಗಿಯೇ. ಮನೆಗೊಂದು ಸ್ಟೆಬಿಲೈಸರ್ ತೆಗೆದುಕೊಳ್ಳಬೇಕೆಂದು ಹನೀಫಾನಿಗೆ ಸಲಹೆ ಕೊಟ್ಟರು. ಇನ್ನೊಂದು ಸುತ್ತು ಚಹಾ ಕುಡಿದರು. ಹಾಡಿದ ಮಲಯಾಳಿ ಹುಡುಗಿಯ ಹೆಸರೇನೆಂದು ಕೇಳಲು ಮರೆತು ಕೊನೆಯ ಬಸ್ಸು ತಪ್ಪುವ ಮೊದಲು ಹೋದರು.

ಹನೀಫಾ ಮಾತ್ರ ಕಿಟಕಿಯ ಹತ್ತಿರದಿಂದ ಕದಲಿರಲಿಲ್ಲ. ಅವಳು ಲೋಟಗಳನ್ನು ಒಟ್ಟು ಮಾಡುವಾಗ ಕೇಳಿದ:

"ಮೂರೂ ಸರಿ ಇವೆ, ಅಲ್ಲವಾ?"

"ಹೌದು."

"ತೊಂದರೆ ನನ್ನದು."

ಹೌದು ಎನ್ನಲು ಅವಳು ಬಾಯಿ ತೆರೆದಳು. ಎಷ್ಟೋ ತಿಂಗಳಿಂದ ಹೇಳಬೇಕೆಂದಿದ್ದ ಮಾತು, ಖಾರ ಹಾಕಿ ತಯಾರು ಮಾಡಿ ಇಟ್ಟದ್ದು. ಆದರೆ ಅವನು ಯಾರ ಮುಖವನ್ನೂ ನೋಡದೆ ನಾಲ್ಕೂ ಒಂದೇ ಎಂದದ್ದು ಅವಳಿಗೆ ನೆನಪಾಯಿತು. ಪಳಗಿದ ಕಿವಿಯವರಿಬ್ಬರೂ ಇಲ್ಲದ್ದನ್ನು ಕೇಳಿದ್ದರು. ಇದ್ದದ್ದನ್ನು ಕೇಳಿದವನು ಇವನೊಬ್ಬನೇ. ಅವರು ನಕ್ಕಾಗಲೂ ಮಾತು ಬದಲಾಯಿಸಿರಲಿಲ್ಲ. ಇಂಥ ಕಿವಿ ಇಟ್ಟುಕೊಂಡು ಇವನು ಇಷ್ಟು ದಿನ ಇನ್ನೊಬ್ಬರ ಬಾಯಿಂದ ಕೇಳುತ್ತಿದ್ದನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಮರುಕವೂ ಬಂತು.

"ಅಷ್ಟು ಮೇಲೆ ಹೋಗುವುದು ಬೇಡ, ಅಷ್ಟೇ," ಎಂದಳು.

"ನೀನು ಎಷ್ಟು ಚೆನ್ನಾಗಿ ಹಾಡಿದಿ," ಎಂದ ಅವನು.

ಕೆಲವು ವಾರ ಹನೀಫಾ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಅಂಗಡಿಯಲ್ಲಿ ಡಬ್ಬದ ಮಾತು ಬಂದರೆ ಎದ್ದು ಗೋಡೌನಿಗೆ ಹೋಗುತ್ತಿದ್ದ. ಸ್ನಾನ ಮಾಡುವಾಗಲೂ ಹಾಡುವುದನ್ನು ಬಿಟ್ಟ. ಮನೆ ಶಾಂತವಾಯಿತು. ಮಿಸ್ರಿಯಾ ಬಯಸಿದ್ದು ಇದನ್ನಲ್ಲ. ಮಾತು ತೆಗೆಯಲು ಅವಳು ಒಂದೆರಡು ಸಲ ನೋಡಿದಳು. ಅವನು ಚಪ್ಪಲಿಯ ಹೊಸ ಸ್ಟಾಕಿನ ವಿಷಯ ಹೇಳಿದ.

ಅವನನ್ನು ಎಬ್ಬಿಸಿದ್ದು ತಾಯಿ. ಒಂದು ಬೆಳಗ್ಗೆ ಗಂಜಿ ಬಡಿಸುತ್ತ ಖದೀಜ, "ನಿನ್ನ ಬಾಪನ ಸ್ವರ ನಲವತ್ತು ದಾಟಿದ ಮೇಲೆ ಗಂಟಲಿನಿಂದ ಹೊಟ್ಟೆಗೆ ಇಳಿಯಿತು," ಎಂದರು. "ಆಗ ಅವರು ಕೂಗುವುದು ಬಿಟ್ಟರು, ಹೇಳಲಿಕ್ಕೆ ಶುರು ಮಾಡಿದರು. ಜನ ಹತ್ತಿರ ಬಂದು ಕೂತು ಕೇಳಿದರು. ನೀನು ಇನ್ನೂ ಟಯರ್ ಅಂಗಡಿಯಲ್ಲಿದ್ದ ಹಾಗೆ ಕೂಗ್ತಿ."

ಹನೀಫಾ ಗಂಜಿ ಮುಗಿಸಿದ. ಅಂಗಡಿಗೆ ತಡವಾಗಿ ಹೋದ. ಮಿಸ್ರಿಯಾ ಶಾಲೆಗೆ ಹೊರಡುವಾಗ ಹಿಂದಿನ ಕೋಣೆಯಿಂದ ಹಾರ್ಮೋನಿಯಂ ಕೇಳುತ್ತಿತ್ತು. ಅವನು ಶ್ರುತಿಯನ್ನು ಒಂದೊಂದು ಮನೆ ಕೆಳಗಿಳಿಸಿ ಅದೇ ಸಾಲನ್ನು ಹಾಡಿ ನೋಡುತ್ತಿದ್ದ. ಅವಳು ಗೇಟಿನಲ್ಲಿ ನಿಂತಳು. ಇನ್ನೊಂದು ಮನೆ ಇಳಿದಾಗ ಸ್ವರ ಎಲ್ಲಿಯೂ ತಾಗದೆ ಹರಿಯಿತು. ಅವಳು ಬಸ್ಸಿಗೆ ಓಡಿದಳು.

ಬೆಳ್ಳಿಯ ಇಟ್ಟಿಗೆಯನ್ನು ಮೂಡುಬಿದಿರೆಯ ಕಾಲೇಜೊಂದರ ಹುಡುಗರು ಖುಷಿಯಿಂದ ಕೊಂಡುಹೋದರು. ಧನರಾಜ್ ತನ್ನ ಡಬ್ಬವನ್ನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಒಮ್ಮೆ ಬಳಸಿದ ವಸ್ತುವನ್ನು ತಾನು ಮುಟ್ಟುವುದಿಲ್ಲವೆಂದ. ತಾನು ಆರು ವರ್ಷ ಬಳಸಿ ಮಾರಿದ್ದು ಅವನಿಗೆ ನೆನಪಿರಲಿಲ್ಲ. ಅದು ಮಂಚದ ಅಡಿಯಲ್ಲಿ ಸೇರಿತು. ರೆಕಾರ್ಡಿಂಗ್ ಆಟಿಕೆಯಲ್ಲಿ ನಡೆಯಿತು. ಕೀಬೋರ್ಡಿಗೆ ಕಮಲಾಕ್ಷನನ್ನೇ ಕರೆದರು, ಏಕೆಂದರೆ ಅವನ ಕೈ ನಿಜಕ್ಕೂ ಒಳ್ಳೆಯದು. ಇಷ್ಟು ಕೆಳಗಿನ ಶ್ರುತಿಯ ಹಾಡು ಯಾರೂ ಕೇಳುವುದಿಲ್ಲ ಎಂದು ಅವನು ಮೊದಲ ದಿನ ಹೇಳಿದ.

"ನೀನು ಬಾರಿಸು," ಎಂದ ಹನೀಫಾ.

ಕಮಲಾಕ್ಷ ಬಾಯಿ ಮುಚ್ಚಿ ಬಾರಿಸಿದ. ಹಾಗೆ ಬಾರಿಸಿದ ದಿನಗಳಲ್ಲಿ ಅವನಷ್ಟು ಒಳ್ಳೆಯ ಮನುಷ್ಯ ಬೆಳ್ತಂಗಡಿ ತಾಲೂಕಿನಲ್ಲಿ ಇರಲಿಲ್ಲ.

ಮದರಂಗಿಯ ಹಾಡನ್ನು ಮಿಸ್ರಿಯಾ ಹಾಡಬೇಕೆಂದು ಹನೀಫಾ ಕೇಳಿದ. ಅವಳು ಕೂಡಲೇ ಒಪ್ಪಲಿಲ್ಲ.

"ಕವರಿನ ಮೇಲೆ ಎಂತ ಬರೆಯುತ್ತೀರಿ? ಹನೀಫಾ ಮತ್ತು ಸಂಗಡಿಗರು ಅಂತಲಾ? ನಾನು ಯಾರ ಸಂಗಡಿಗಳೂ ಅಲ್ಲ. ಹೆಸರು ಹಾಕುವುದಾದರೆ ಹಾಡ್ತೇನೆ."

ಹೆಸರು ಹಾಕಿದರೆ ಮಾತು ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹನೀಫಾ ಹೆಸರು ಹಾಕಿಸಿದ. ಮಾತು ಬಂತು. ಜಮಾತಿನ ಹಿರಿಯರೊಬ್ಬರು ಅಂಗಡಿಗೆ ಬಂದು, ಮನೆಯ ಹೆಂಗಸಿನ ಸ್ವರವನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾರುವುದು ಸರಿಯಾ ಎಂದು ಗಟ್ಟಿಯಾಗಿಯೇ ಕೇಳಿದರು. ಯಾರು ಗಟ್ಟಿಯಾಗಿ ಹೇಳಿದರೂ ತಲೆಯಾಡಿಸುತ್ತಿದ್ದ ಹನೀಫಾ ಆ ದಿನ ತಲೆಯಾಡಿಸಲಿಲ್ಲ.

"ನೀವು ಹಾಡು ಕೇಳಿದಿರಾ?" ಎಂದ.

"ಇಲ್ಲ."

"ಕೇಳಿ ಬನ್ನಿ. ಮತ್ತೆ ಮಾತಾಡುವ."

ಅವರು ಕೇಳಿದರೋ ಇಲ್ಲವೋ ಗೊತ್ತಿಲ್ಲ. ವಾಪಸು ಬಂದು ಮಾತಾಡಲಂತೂ ಇಲ್ಲ. ಅವರ ಮನೆಯ ಮದುವೆಯಲ್ಲಿ ಹೆಂಗಸರ ಕೋಣೆಯಿಂದ ಆ ಹಾಡು ಕೇಳಿಬಂತು ಎಂದು ಖದೀಜ ಸುದ್ದಿ ತಂದರು.

2009ರಲ್ಲಿ ಬಂದ ಆ ಸಿ.ಡಿ.ಯಿಂದ ಯಾರೂ ಪ್ರಸಿದ್ಧರಾಗಲಿಲ್ಲ. ಬಿ.ಸಿ.ರೋಡಿನ ಕ್ಯಾಸೆಟ್ ಅಂಗಡಿಯಲ್ಲಿ ಸ್ವಲ್ಪ ದಿನ ಹಾಕುತ್ತಿದ್ದರು. ಮೆಮರಿ ಕಾರ್ಡಿನ ಕಾಲ ಬಂದು ಅಂಗಡಿಯವನು ಮೊಬೈಲ್ ಕವರು ಮಾರಲು ಶುರು ಮಾಡಿದ. ಒಂದು ಮಧ್ಯಾಹ್ನ ಹನೀಫಾ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಹಳೆಯ ಪರಿಚಯದವನೊಬ್ಬ ಹೆಗಲ ಮೇಲೆ ಕೈ ಹಾಕಿ, "ಸಿ.ಡಿ. ಕೇಳಿದೆ ಮಾರಾಯ. ಸತ್ಯ ಹೇಳಿದರೆ ಬೇಸರ ಮಾಡಬೇಡ, ಆಗಿನ ನಿನ್ನ ಸ್ವರವೇ ಬೇರೆ," ಎಂದ.

"ಹೌದು," ಎಂದ ಹನೀಫಾ. "ಆಗಿನದ್ದು ಚೆನ್ನಾಗಿತ್ತು."

ಪರಿಚಯದವನು ಇನ್ನಷ್ಟು ಹೇಳಲು ಸಿದ್ಧನಾಗಿ ಬಂದಿದ್ದ. ಹಾಗೆ ಸುಲಭದಲ್ಲಿ ಒಪ್ಪಿಕೊಂಡದ್ದರಿಂದ ಅವನಿಗೆ ನಿರಾಸೆಯಾಯಿತು. ಪುತ್ತೂರಿನ ಬಸ್ಸು ಬಂತು. ಹನೀಫಾ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಅರ್ಧಕ್ಕೆ ನಿಂತಿದ್ದ ಹೊಸ ಹಾಡಿನ ಎರಡನೇ ಸಾಲನ್ನು ಬಾಯೊಳಗೇ ತಿದ್ದುತ್ತ ಮಾಣಿಗೆ ಹೋದ.